ಕತ್ತರಿಸಿ ತೋರಿಸಿ, ಆದ್ರೆ ಕತ್ತರಿಸಿದ್ದೀವಿ ಅಂತ ಹೇಳಿ

ಅತ್ತಿ ಹಣ್ಣನ್ನ ಬಿಡಿಸಿ ನೋಡದೆ ನಂಬಬಾರದು ಅಂತಾರಲ್ಲ, ಸಿ.ಟಿ. ಸ್ಕ್ಯಾನಿನ ತ್ರೀಡಿ ಚಿತ್ರಕ್ಕೂ ಅದೇ ಮಾತು ಅನ್ನೋದು ನನ್ನ ವಾದ.

ಈ ವಿಷಯ ಹೊಸದಾದವರಿಗೆ ಎರಡೇ ಮಾತು. ಸ್ಕ್ಯಾನರ್ ಕೊಡೋದು ಸಾಮಾನ್ಯವಾಗಿ 512 × 512 ಪಿಕ್ಸೆಲ್‌ನ ನೂರಾರು ಅಡ್ಡಸೀಳುಗಳು. ಅವನ್ನ ಒಂದರ ಮೇಲೊಂದು ಪೇರಿಸಿ, ಅದರೊಳಗೆ ಕಿರಣಗಳನ್ನ ತೂರಿಸಿ, ದಾರೀಲಿ ಸಿಕ್ಕ ಬಣ್ಣ, ಪಾರದರ್ಶಕತೆಗಳನ್ನ ಕೂಡಿಸ್ತಾ ಹೋದ್ರೆ ಚಿತ್ರ ಬರುತ್ತೆ. ಇದೇ ವಾಲ್ಯೂಮ್ ರೆಂಡರಿಂಗ್. 1988ರಲ್ಲಿ ಮಾರ್ಕ್ ಲೆವಾಯ್ ಬರೆದ ಪ್ರಬಂಧದ ಮೂಲ ಉಪಾಯವೇ ಇವತ್ತಿಗೂ ನಡೀತಿದೆ.

ಒಳಗಿರೋದನ್ನ ತೋರಿಸೋಕೆ ಎಲ್ಲರೂ ಮೊದಲು ಮಾಡೋದು ಚರ್ಮ, ಮಾಂಸವನ್ನ ಪಾರದರ್ಶಕ ಮಾಡೋದು. ಡೆಮೋಗೆ ಬಹಳ ಚೆಂದ! ಆದ್ರೆ ಯಕೃತ್ತು ಮತ್ತು ಅದರೊಳಗಿನ ಗೆಡ್ಡೆಯ ಸಿ.ಟಿ. ಬೆಲೆಗಳು ಹತ್ತಿರ ಹತ್ತಿರ ಇದ್ರೆ, ಒಂದರ ಜೊತೆ ಇನ್ನೊಂದೂ ಮಾಯ. ಅಲ್ಲಿ ಕೆಲಸಕ್ಕೆ ಬರೋದು ಕ್ಲಿಪಿಂಗ್ ಪ್ಲೇನ್. ಒಂದು ಸಮತಲ ಇಟ್ಟು, ಅದರ ಒಂದು ಬದಿಯದ್ದನ್ನೆಲ್ಲ ಬಿಟ್ಟುಬಿಡೋದು, ಅಷ್ಟೇ.

ಬರೆಯೋದೂ ಕಷ್ಟವಲ್ಲ. ಓಪನ್‌ಜಿಎಲ್‌ನಲ್ಲಿ ಇದಕ್ಕಿದ್ದ ಹಳೇ ಫಂಕ್ಷನ್ನನ್ನ 2008ರ 3.0 ಆವೃತ್ತಿಯಲ್ಲೇ ಬಳಕೆಯಿಂದ ಬಿಡೋ ಪಟ್ಟಿಗೆ ಸೇರಿಸಿದ್ರು. ಅದು ಇದ್ರೂ ಕಿರಣದ ವಿಧಾನಕ್ಕೆ ಸಾಲದು. ಹೊರಗಿನ ಡಬ್ಬಿಯ ಗೋಡೆ ಮಾತ್ರ ಕತ್ತರಿಸಿ ತೂತು ಬೀಳುತ್ತೆ. ಕಿರಣ ಸಮತಲವನ್ನ ಎಲ್ಲಿ ದಾಟುತ್ತೆ ಅಂತ ಶೇಡರ್‌ನಲ್ಲೇ ಲೆಕ್ಕ ಹಾಕಿ, ನಡಿಗೆಯನ್ನ ಅಲ್ಲಿಂದ ಶುರು ಮಾಡ್ಬೇಕು.

ನನ್ನ ತಕರಾರು ಇರೋದು ಇದರ ಮುಂದಿನದ್ದಕ್ಕೆ. ಕತ್ತರಿಸಿದ ಮುಖಕ್ಕೂ ಬೆಳಕು, ನೆರಳು ಕೊಟ್ಟು ಮಿಂಚಿಸ್ತಾರೆ. ಆ ಬೆಳಕಿನ ಲೆಕ್ಕಕ್ಕೆ ಬೇಕಾದ ಗ್ರೇಡಿಯಂಟ್ ಒಂದೇ ಸಮನಾದ ಅಂಗಾಂಶದಲ್ಲಿ ಬರೀ ಗದ್ದಲ, ಹಾಗಾಗಿ ಇಲ್ಲದ ಚುಕ್ಕೆಗಳು ಕಾಣ್ತವೆ. ಅಲ್ಲಿ ಸ್ಕ್ಯಾನಿನ ಮೂಲ ಬೂದು ಬಣ್ಣವನ್ನೇ ತೋರಿಸ್ಬೇಕು.

ಇನ್ನೊಂದು ಇದಕ್ಕಿಂತ ದೊಡ್ಡದು. ಸಮತಲ ಒಂದು ರಕ್ತನಾಳವನ್ನ ಕತ್ತರಿಸಿದ್ರೆ, ಅದು ಅಲ್ಲೇ ಮುಗಿದ ಹಾಗೆ ಕಾಣುತ್ತೆ. ರೋಗವೋ, ನಮ್ಮ ಕತ್ತರಿಯೋ? ಮೌಸ್ ಹಿಡಿದವರಿಗೆ ಗೊತ್ತು. ಅದೇ ಚಿತ್ರವನ್ನ ಸೇವ್ ಮಾಡಿ ವರದಿಗೆ ಅಂಟಿಸಿದ ಮೇಲೆ ನೋಡೋರಿಗೆ ಹೇಗೆ ಗೊತ್ತಾಗ್ಬೇಕು? ಅದಕ್ಕೇ ಸಮತಲದ ಅಂಚಿಗೊಂದು ಬಣ್ಣದ ಗೆರೆ, ತೆಗೆದ ಭಾಗಕ್ಕೊಂದು ತೆಳು ಚೌಕಟ್ಟು ಚಿತ್ರದಲ್ಲೇ ಇರ್ಬೇಕು. ಅದನ್ನ ಆಫ್ ಮಾಡೋ ಬಟನ್ನೂ ಇರಬಾರದು!

ಅಂದ ಕೆಡುತ್ತೆ ಅಂತೀರಾ? ಕೆಡಲಿ ಬಿಡಿ. ಗ್ರಾಫಿಕ್ಸ್ ಗೊತ್ತಿರೋ ಗೆಳೆಯರು ಜಗಳಕ್ಕೆ ಬರಬಹುದು :-)