ಕೂಸನ್ನು ಯಾರ ತಾವ ಬಿಟ್ಟು ಬರಬೇಕು, ಸ್ವಾಮಿ?

“ಹೆಣ್ಣಾಳು ಸಿಕ್ಕುತ್ತಿಲ್ಲ, ಗೃಹಲಕ್ಷ್ಮಿಯ 2,000 ರೂಪಾಯಿ ಬಂದಮೇಲೆ ಹೆಂಗಸರು ಸೋಮಾರಿಗಳಾದರು” ಎಂಬ ಗೊಣಗಾಟ ಮಂಡ್ಯ ಸೀಮೆಯ ದೊಡ್ಡ ಹಿಡುವಳಿದಾರರ ಜಗಲಿಗಳಲ್ಲಿ ಕೇಳಿಬರುತ್ತಿದೆ. ತಾವು ಕೂತಲ್ಲಿಂದ ಏಳದವರು ಇನ್ನೊಬ್ಬರ ಸೋಮಾರಿತನ ಅಳೆಯಹೊರಟಿರುವುದು ತಮಾಷೆಯೇ ಸರಿ. ಕೂಲಿಗೆ ಬಾರದ ಹೆಂಗಸರಲ್ಲಿ ಯಾರ ಲೆಕ್ಕಕ್ಕೂ ಸಿಕ್ಕದ ಒಬ್ಬಳಿದ್ದಾಳೆ. ಅವಳ ಮಗು ಐದು ವರ್ಷವಾದರೂ ಮಾತಾಡದು, ಅಥವಾ ಏಳಾದರೂ ನೆಟ್ಟಗೆ ನಿಲ್ಲದು. ಡಾಕ್ಟರು ಅದಕ್ಕೆ ಆಟಿಸಂ ಎಂದೋ, ಸೆರೆಬ್ರಲ್ ಪಾಲ್ಸಿ ಎಂದೋ, ಬೌದ್ಧಿಕ ನ್ಯೂನತೆ ಎಂದೋ ಹೆಸರು ಬರೆದುಕೊಡುತ್ತಾರೆ. ಊರು ಮಾತ್ರ ತಾಯಿಯ ಗ್ರಹಚಾರ ಎನ್ನುತ್ತದೆ.

ನಾಟಿಗೋ ಕಳೆಗೋ ಹೊರಟ ತಾಯಿ ಮಾಮೂಲಿನ ಕೂಸಾದರೆ ಕಂಕುಳಲ್ಲಿ ಎತ್ತಿಕೊಂಡು ಹೋಗಿ, ಹೊಂಗೆಮರಕ್ಕೆ ಸೀರೆ ಕಟ್ಟಿ ಮಲಗಿಸಿ, ಬದುವಿನಿಂದ ಒಂದು ಕಣ್ಣಿಟ್ಟಿರುತ್ತಾಳೆ. ಈ ಮಗುವನ್ನು ಹಾಗೆ ಮಾಡಲಾಗದು. ಒಂದಕ್ಕೆ ಮೂರ್ಛೆ. ಇನ್ನೊಂದು ಕರೆದರೂ ತಿರುಗದೆ ನೀರು ಕಂಡತ್ತ ನಡೆದುಬಿಡುತ್ತದೆ. ವಿಶ್ವೇಶ್ವರಯ್ಯ ನಾಲೆ ನಮ್ಮ ಅನ್ನದ ಮೂಲ ನಿಜ, ಆದರೆ ಅಂಥ ಮಗುವಿನ ತಾಯಿಗೆ ಅದು ದಿನವಿಡೀ ಎದೆಬಡಿತ. ಅವಳು ಗದ್ದೆಗೆ ಇಳಿಯುವುದೆಂತು? ಮದ್ದೂರಿನ ಕಡೆ ಬಟ್ಟೆ ಕಾರ್ಖಾನೆಗೆ ಹೋಗುತ್ತಿದ್ದವಳಾದರೆ ಇನ್ನೂ ಕಷ್ಟ. ವ್ಯಾನು ಯಾರಿಗೂ ಕಾಯುವುದಿಲ್ಲ. ತಿಂಗಳಲ್ಲಿ ನಾಲ್ಕು ದಿನ ತಪ್ಪಿದವಳಿಗೆ ಮೇಲ್ವಿಚಾರಕನ ಬೈಗುಳ, ಎಂಟು ದಿನ ತಪ್ಪಿದವಳಿಗೆ ಮನೆಯ ದಾರಿ. ಇಷ್ಟಾದಮೇಲೆ “ಅವಳೇ ಕೆಲಸ ಬಿಟ್ಟಳು” ಎಂದು ಬರೆದುಕೊಳ್ಳುತ್ತಾರೆ!

ಸರ್ಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2005ರ ಉದ್ಯೋಗ ಖಾತ್ರಿ ಕಾಯಿದೆಯಲ್ಲಿ, ಆರು ವರ್ಷದೊಳಗಿನ ಐದು ಮಕ್ಕಳು ಕೆಲಸದ ಸ್ಥಳಕ್ಕೆ ಬಂದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕೆಂದಿತ್ತು. 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಅಂಗನವಾಡಿಯೂ ಆರು ವರ್ಷದವರೆಗೆ ಉಂಟು. ಆದರೆ ಎಲ್ಲ ಯೋಜನೆಯೂ ಮಗುವನ್ನು ವಯಸ್ಸಿನ ಗಜಕಡ್ಡಿಯಲ್ಲಿ ಅಳೆಯುತ್ತದೆ. ಒಂಬತ್ತು ವರ್ಷದ ಮಗುವಿಗೆ ಇನ್ನೂ ಬಾಯಿಗೆ ತುತ್ತಿಡಬೇಕಾದರೆ ಅದು ಯಾವ ಕೂಸಿನ ಮನೆಗೆ ಸೇರಬೇಕು? ಶಾಲೆಗೆ ಎನ್ನುವಿರೋ? ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ತಂದ ತಿದ್ದುಪಡಿ ತೀವ್ರ ನ್ಯೂನತೆಯ ಮಕ್ಕಳಿಗೆ ಮನೆಯಲ್ಲೇ ಕಲಿಯುವ ಹಕ್ಕು ಕೊಟ್ಟಿತು. ಹಕ್ಕೆಂದು ಕೊಟ್ಟದ್ದು ಹಳ್ಳಿಯಲ್ಲಿ ಶಾಲೆಯ ಬಾಗಿಲು ಮುಚ್ಚುವ ನೆಪವಾದರೆ, ಮಗುವಿನ ಮನೆಪಾಠವೆಂಬುದು ತಾಯಿಗೆ ಗೃಹಬಂಧನ.

ಇನ್ನು ಚಿಕಿತ್ಸೆ. ಮಾತಿನ ತರಬೇತಿ, ಕೈಕಾಲಿನ ವ್ಯಾಯಾಮ ಒಂದು ದಿನದ ಗುಳಿಗೆಯಲ್ಲ, ವಾರವಾರವೂ ವರ್ಷಗಟ್ಟಲೆ ನಡೆಯಬೇಕಾದದ್ದು. ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹೆಮ್ಮೆಯೇ. ಆದರೆ ಮಳವಳ್ಳಿಗೆ ಇಂದಿಗೂ ರೈಲಿಲ್ಲ. ಎರಡು ಬಸ್ಸು ಹತ್ತಿ ಮೈಸೂರು ಸೇರುವ ಹಳ್ಳಿಯ ಹೆಂಗಸಿಗೆ ಅರ್ಧ ಗಂಟೆಯ ಪಾಠಕ್ಕೆ ಇಡೀ ಹಗಲು ಹೋಗುತ್ತದೆ. 2023ರ ಶಕ್ತಿ ಯೋಜನೆಯಿಂದ ಅವಳಿಗೆ ಬಸ್ಸು ಪುಕ್ಕಟೆ, ಕಳೆದ ಕೂಲಿ ಪುಕ್ಕಟೆಯಲ್ಲ. ಲೆಕ್ಕ ಹಾಕಿರಿ: 2025-26ರ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ. ವಾರಕ್ಕೆರಡು ದಿನ ಮಗುವಿನೊಡನೆ ಹೋದರೆ ತಿಂಗಳಿಗೆ ಎಂಟು ದಿನ, ಅಂದರೆ 2,960 ರೂಪಾಯಿ ನಷ್ಟ. ಗೃಹಲಕ್ಷ್ಮಿಯ ಹಣ ನುಂಗಿ ಮೇಲೆ 960 ಸಾಲ! ಜಗಲಿಯ ಮಹನೀಯರು ಹೇಳುವ ಸೋಮಾರಿತನ ಇದೇ.

2024-25ರ ಬಜೆಟ್ಟು ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಪೀಡಿತರ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಎಂದಿತು. ಮೂರು ದಿನದ ಕೂಲಿಯೂ ಆಗದ ಹಣ. ಆ ಸಾಲಿನಲ್ಲಿ ಆಟಿಸಂ ಏಕಿಲ್ಲ, ಬೌದ್ಧಿಕ ನ್ಯೂನತೆ ಏಕಿಲ್ಲ? 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆ ಭತ್ಯೆಯ ಮಾತನ್ನೂ ಆಡಿದೆ.

2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹಿಮಾಚಲ ಪ್ರದೇಶದ ಒಬ್ಬ ಸರ್ಕಾರಿ ಕಾಲೇಜು ಉಪಾಧ್ಯಾಯಿನಿಯ ಮೊಕದ್ದಮೆಯಲ್ಲಿ, ಹೆಂಗಸು ದುಡಿಮೆಯಲ್ಲಿ ಪಾಲ್ಗೊಳ್ಳುವುದು ಯಾರೋ ಕೊಡುವ ಸವಲತ್ತಲ್ಲ, ಸಂವಿಧಾನದ ಹಕ್ಕು ಎಂದಿತು. ಆಕೆಯ ಮಗನಿಗೆ ಹುಟ್ಟಿನಿಂದ ಬಂದ ವಿರಳ ರೋಗ, ಆಕೆಯ ರಜೆಯೆಲ್ಲ ಮುಗಿದಿತ್ತು. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗಿರುವ 730 ದಿನಗಳ ಶಿಶುಪಾಲನಾ ರಜೆ ಆ ರಾಜ್ಯದಲ್ಲಿ ಇರಲಿಲ್ಲ. ತೀರ್ಪನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಹಿಪ್ಪುನೇರಳೆ ಸೊಪ್ಪು ಬಿಡಿಸುವವಳಿಗೆ, ಕಬ್ಬಿನ ಕಳೆ ಕೀಳುವವಳಿಗೆ 730 ದಿನ ಬೇಡ, ಏಳು ದಿನದ ಸಂಬಳದ ರಜೆ ಕೊಡುವ ಧಣಿ ಯಾರು? ಅದೇ ಸಂವಿಧಾನ ಅವಳಿಗೂ ಅಲ್ಲವೇ?

ಗಂಡಸರಿಗೂ ಒಂದು ಮಾತು. ಮಗುವಿನ ಆಸ್ಪತ್ರೆಯ ಚೀಟಿ ಯಾವ ಬಣ್ಣದ್ದೆಂದು ತಿಳಿಯದ ತಂದೆಯರು ನಮ್ಮ ಚಳವಳಿಯಲ್ಲೂ ಇದ್ದಾರೆ. ವಾರಕ್ಕೆರಡು ದಿನದಲ್ಲಿ ಒಂದು ದಿನ ಅವರು ಹೋಗಲಿ.

ಮದ್ದೂರು, ಮಳವಳ್ಳಿಗಳ ತಾಲ್ಲೂಕು ಆಸ್ಪತ್ರೆಗಳಿಗೆ ವಾರದಲ್ಲಿ ಎರಡು ದಿನ ಮಾತಿನ ಚಿಕಿತ್ಸಕರೂ ವ್ಯಾಯಾಮ ಚಿಕಿತ್ಸಕರೂ ಬರಲಿ. ತಾಯಂದಿರನ್ನೆಲ್ಲ ಮೈಸೂರಿಗೆ ಓಡಿಸುವುದಕ್ಕಿಂತ ನಾಲ್ವರು ಚಿಕಿತ್ಸಕರನ್ನು ಇಲ್ಲಿಗೆ ಕಳಿಸುವುದು ಅಗ್ಗ. ಕೂಸಿನ ಮನೆಯ ವಯಸ್ಸಿನ ಮಿತಿ ಈ ಮಕ್ಕಳಿಗೆ ಅಡ್ಡಬಾರದಿರಲಿ, ನೋಡಿಕೊಳ್ಳುವ ಹೆಂಗಸಿಗೆ ತರಬೇತಿಯೂ ಪೂರ್ತಿ ಕೂಲಿಯೂ ಸಿಗಲಿ. ಶಾಲೆ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುವ ಆರೋಗ್ಯ ತಂಡದವರು, ಮಗುವಿನ ಹೆಸರಿನ ಮುಂದೆ ತಾಯಿ ಯಾವ ಕೆಲಸ ಮಾಡುತ್ತಿದ್ದಳು, ಯಾವಾಗ ಬಿಟ್ಟಳು ಎಂಬುದನ್ನೂ ಬರೆದುಕೊಳ್ಳಲಿ. ಆ ಪಟ್ಟಿಯನ್ನು ಜಿಲ್ಲಾ ಪಂಚಾಯಿತಿ ಮುಂದಿನ ಆಯವ್ಯಯಕ್ಕೆ ಮೊದಲು ಬಹಿರಂಗಪಡಿಸಲಿ.