ಓದದೆ ಇಟ್ಟ ಓಲೆ

ರಾಮದುರ್ಗ ತಾಲ್ಲೂಕಿನ ಸುರೇಬಾನದ ಬಳಿ ಶಬರಿಕೊಳ್ಳವೆಂಬ ಸ್ಥಳವಿದೆ. ಶಬರಿಯು ಶ್ರೀರಾಮನ ಬರವನ್ನು ಕಾಯುತ್ತ ಕುಳಿತದ್ದು ಅಲ್ಲಿಯೇ ಎಂಬುದು ಆ ಸೀಮೆಯವರ ನಂಬಿಕೆ. ಹಣ್ಣುಗಳನ್ನು ಮೊದಲೇ ಆಯ್ದಿಟ್ಟುಕೊಂಡು, ಅತಿಥಿಯು ಬಂದ ಗಳಿಗೆಯಲ್ಲಿ ಮುಂದಿಟ್ಟದ್ದು ಆ ಕಥೆಯ ಸೊಗಸು. ಭಕ್ತಿಯ ಮಾತನ್ನು ಅದರ ಎತ್ತರದಲ್ಲಿಯೇ ಬಿಟ್ಟು, ಸಿದ್ಧಮಾಡಿಟ್ಟುಕೊಂಡು ಕಾಯುವ ಉಪಾಯವೊಂದನ್ನೇ ನೋಡುವುದಾದರೆ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳೂ ಅದನ್ನು ಬಲ್ಲವು. ಅವುಗಳಲ್ಲಿ ಒಂದು ಜಾತಿಯು ಕಾಯುವುದು ನಮ್ಮ ಮೈಯ ಬಿಸಿಗಾಗಿ! ಆದುದರಿಂದ ಸಂಸಾರವಂದಿಗರು ಈ ಸಂಗತಿಯನ್ನು ತಿಳಿದಿರುವುದು ಒಳಿತು.

ಜೀವಕೋಶದ ಮೂಲಪತ್ರವು ಡಿ.ಎನ್.ಎ. ಎಂಬ ವಸ್ತುವಿನಲ್ಲಿ ಬರೆದಿದೆ. ಅದರ ಒಂದೊಂದು ಪ್ರಕರಣವೇ ಒಂದೊಂದು ಜೀನ್. ಬೇಕಾದ ಪ್ರಕರಣವನ್ನು ಮಾತ್ರ ಆರ್.ಎನ್.ಎ. ಎಂಬ ಓಲೆಯ ಮೇಲೆ ನಕಲು ಮಾಡಿಕೊಳ್ಳುವುದು ಮೊದಲನೆಯ ಕೆಲಸ. ರೈಬೋಸೋಮು ಎಂಬ ಯಂತ್ರವು ಆ ಓಲೆಯನ್ನು ಓದಿ, ಅಮೈನೋ ಆಮ್ಲಗಳನ್ನು ಸಾಲಾಗಿ ಪೋಣಿಸಿ ಪ್ರೋಟೀನನ್ನು ಕಟ್ಟುವುದು ಎರಡನೆಯದು. ಈ ಎರಡನೆಯ ಕೆಲಸಕ್ಕೆ ವಿಜ್ಞಾನಿಗಳು ಭಾಷಾಂತರವೆಂದೇ ಹೆಸರಿಟ್ಟಿದ್ದಾರೆ. ಓಲೆ ಬರೆದಾಯಿತೆಂದ ಮಾತ್ರಕ್ಕೆ ಪ್ರೋಟೀನು ಹುಟ್ಟಲೇಬೇಕೆಂಬ ನಿಯಮವಿಲ್ಲ. ಓದುವವನನ್ನು ತಡೆದರೂ ಸಾಕು, ಕಾರ್ಯ ನಿಲ್ಲುತ್ತದೆ.

ಹಾಗಾದರೆ ರೈಬೋಸೋಮು ಎಲ್ಲಿಂದ ಓದಲಾರಂಭಿಸಬೇಕು? 1974ರಲ್ಲಿ ಆಸ್ಟ್ರೇಲಿಯದ ಜಾನ್ ಶೈನ್ ಮತ್ತು ಲಿನ್ ಡಾಲ್ಗಾರ್ನೊ ಎಂಬವರು ಇದಕ್ಕೆ ಉತ್ತರವನ್ನು ತೋರಿಸಿಕೊಟ್ಟರು. ಬ್ಯಾಕ್ಟೀರಿಯಾದ ಓಲೆಯಲ್ಲಿ, ಪಾಠವು ಮೊದಲಾಗುವ ಸ್ಥಳಕ್ಕೆ ತುಸು ಹಿಂದೆ, ಕೆಲವೇ ಅಕ್ಷರಗಳ ಗುರುತೊಂದಿರುತ್ತದೆ. ಬೀಗಕ್ಕೆ ಕೀಲಿ ಹೊಂದುವಂತೆ ರೈಬೋಸೋಮಿನ ಒಂದು ಭಾಗವು ಆ ಗುರುತಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ಮೊದಲನೆಯ ಅಮೈನೋ ಆಮ್ಲವನ್ನು ಹೊತ್ತು ತರುವ ಪ್ರಾರಂಭಕ ಆರ್.ಎನ್.ಎ. ಬಂದು ತನ್ನ ಪೀಠದಲ್ಲಿ ಕೂರಬೇಕು.

ಈ ಪ್ರಾರಂಭಕನ ವಿಚಾರದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಉಮೇಶ್ ವಾರ್ಷ್ಣೇಯ ಮತ್ತು ಅವರ ಶಿಷ್ಯರು ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಪ್ರಾರಂಭಕ ಆರ್.ಎನ್.ಎ.ಗಾಗಿ ನಾಲ್ಕು ಜೀನ್‌ಗಳಿವೆ. ಒಂದೇ ಕೆಲಸಕ್ಕೆ ನಾಲ್ಕೇಕೆ? ಪ್ರಾರಂಭಕರ ಸಂಖ್ಯೆ ಕುಗ್ಗಿದರೆ, ಆ ಪೀಠಕ್ಕೆ ಸಲ್ಲದ ಬೇರೆ ಆರ್.ಎನ್.ಎ.ಗಳು ಅಲ್ಲಿ ಬಂದು ಕುಳಿತುಬಿಡಬಹುದೆಂದು ಅವರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು ತಿಳಿಸಿದವು. ಮದುವೆಯ ಪಂಕ್ತಿಯಲ್ಲಿ ಬೀಗರು ಬರುವುದು ತಡವಾದರೆ ಅವರ ಎಲೆಯ ಮುಂದೆ ಬೇರೆಯವರು ಕುಳಿತಂತೆ! ಓದು ಸರಿಯಾಗಿ ಆರಂಭವಾಗಬೇಕಾದರೆ ಎಷ್ಟು ಎಚ್ಚರ ಬೇಕೆಂಬುದಕ್ಕೆ ಇದೊಂದು ನಿದರ್ಶನ.

ಓದಿನ ಆರಂಭವು ಇಷ್ಟು ನಾಜೂಕಾದುದರಿಂದಲೇ ಅದನ್ನು ತಡೆಯುವುದೂ ಸುಲಭ. ಲಿಸ್ಟೀರಿಯಾ ಎಂಬ ರೋಗಕಾರಕ ಬ್ಯಾಕ್ಟೀರಿಯಾವನ್ನು ನೋಡಿ. ಮಣ್ಣಿನಲ್ಲಿಯೂ, ಕೆಲವೊಮ್ಮೆ ಹಸಿ ಹಾಲಿನಲ್ಲಿಯೂ ಇರುವ ಇದು ನಮ್ಮ ಜೀವಕೋಶಗಳ ಮೇಲೆ ದಾಳಿ ಮಾಡುವ ಸಲಕರಣೆಗಳನ್ನು ಸದಾ ತಯಾರಿಸುತ್ತಿದ್ದರೆ ವೃಥಾ ಖರ್ಚು. ಆದುದರಿಂದ ಆ ಸಲಕರಣೆಗಳಿಗೆಲ್ಲ ಅಪ್ಪಣೆ ಕೊಡುವ ಪ್ರೋಟೀನಿನ ಓಲೆಯನ್ನು ಬರೆದು, ಮಡಿಚಿ ಇಟ್ಟುಕೊಂಡಿರುತ್ತದೆ. ತಂಪಿನಲ್ಲಿ ಆ ಓಲೆಯು ತನ್ನಷ್ಟಕ್ಕೆ ತಾನೇ ಸುತ್ತಿಕೊಂಡು, ಓದುವ ಗುರುತು ಮಡಿಕೆಯೊಳಗೆ ಅಡಗಿರುತ್ತದೆ. ನಮ್ಮ ದೇಹದ 37 ಡಿಗ್ರಿ ಸೆಲ್ಸಿಯಸ್ ಬಿಸಿ ತಗುಲಿದೊಡನೆ ಮಡಿಕೆ ಸಡಿಲುತ್ತದೆ, ಗುರುತು ಹೊರಬೀಳುತ್ತದೆ, ರೈಬೋಸೋಮು ಓದತೊಡಗುತ್ತದೆ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಪಾಸ್ಕಲ್ ಕೊಸ್ಸಾರ್ ಅವರ ತಂಡವು 2002ರಲ್ಲಿ ಇದನ್ನು ಪ್ರಕಟಿಸಿತು. ಓಲೆಯೇ ಉಷ್ಣಮಾಪಕ! ಹೊಸದಾಗಿ ನಕಲು ಬರೆಯುವವರೆಗೆ ಕಾಯಬೇಕಾಗಿಲ್ಲದುದರಿಂದ ಉತ್ತರವೂ ಶೀಘ್ರ.

ಇದರಿಂದ ನಮ್ಮ ಅಡುಗೆಮನೆಗೆ ಒಂದು ಪಾಠವುಂಟು. ರೆಫ್ರಿಜರೇಟರಿನ ತಂಪು ಬಹಳ ಬ್ಯಾಕ್ಟೀರಿಯಾಗಳನ್ನು ಮಂಕುಗೊಳಿಸುತ್ತದೆ, ನಿಜ. ಆದರೆ ಲಿಸ್ಟೀರಿಯಾ ಅಲ್ಲಿಯೂ ನಿಧಾನವಾಗಿ ಬೆಳೆಯಬಲ್ಲದು. ತಂಪಿನಲ್ಲಿ ಮಡಿಕೆಯೊಳಗೆ ಸುಮ್ಮನಿರುವ ಓಲೆಯು ನಾಶವಾಗಿಲ್ಲ; ನಮ್ಮ ಉದರವನ್ನು ಸೇರುವುದನ್ನೇ ಕಾದಿದೆ. ಆರೋಗ್ಯವಂತರಿಗೆ ಇದರಿಂದ ಬರುವ ತೊಂದರೆ ಬಹುಮಟ್ಟಿಗೆ ಅಲ್ಪ. ಗರ್ಭಿಣಿಯರಿಗೆ ಮಾತ್ರ ಇದು ಗಂಡಾಂತರಕಾರಿ. ತಾಯಿಗೆ ಸಣ್ಣ ಜ್ವರ ಬಂದಂತೆ ತೋರಿದರೂ ಗರ್ಭಸ್ರಾವವಾಗುವ ಅಪಾಯವುಂಟು. ಮುದುಕರೂ ಹಸುಗೂಸುಗಳೂ ಎಚ್ಚರದಿಂದಿರಬೇಕಾದವರೇ.

"ಕರೆದ ಹಾಲು ಅಮೃತ, ಕಾಸಿದರೆ ಸತ್ವ ಹೋಗುತ್ತದೆ" ಎಂದು ವಾದಿಸುವವರು ಈಚೆಗೆ ಪಟ್ಟಣಗಳಲ್ಲಿಯೂ ಕಾಣಸಿಗುತ್ತಾರೆ. ಬಸುರಿ ಹೆಂಗಸಿರುವ ಮನೆಯಲ್ಲಿ ಅವರ ಮಾತಿಗೆ ಕಿವಿಗೊಡುವುದು ಬೇಡ. 72 ಡಿಗ್ರಿ ಬಿಸಿಯಲ್ಲಿ 15 ಸೆಕೆಂಡು ಇಡುವುದು ಹಾಲಿನ ಡೇರಿಗಳ ಪಾಶ್ಚರೀಕರಣದ ಒಂದು ಕ್ರಮ. ಮನೆಯಲ್ಲಿ ಹಾಲು ಉಕ್ಕಿಬರುವಂತೆ ಕಾಸಿ, ಶುಭ್ರವಾದ ಪಾತ್ರೆಯಲ್ಲಿ ಮುಚ್ಚಿಟ್ಟರೆ ಸಾಕು. ಮೈಯ ಬಿಸಿಯು ಓಲೆಯನ್ನು ಬಿಚ್ಚುತ್ತದೆ. ಒಲೆಯ ಬಿಸಿಯಾದರೋ ಓಲೆಯನ್ನೂ ಅದನ್ನು ಹೊತ್ತವನನ್ನೂ ಒಟ್ಟಿಗೆ ಮುಗಿಸುತ್ತದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿಯೇ ಹಾಲನ್ನು ಕಾಸದೆ ಕುಡಿಸಬಾರದೆಂದು ಹಟ ಹಿಡಿದ ಅಜ್ಜಿಯರಿಗೆ ಕಾರಣ ತಿಳಿದಿರಲಿಲ್ಲ, ಅಷ್ಟೇ, ಕೆಲಸ ತಿಳಿದಿತ್ತು.