ವೀರಮ್ಮಾಜಿಯ ಮೇಲಣ ಅಪವಾದ

ಸಾಗರದ ಕೆಳದಿ ಇಕ್ಕೇರಿಗಳಲ್ಲಿಯೂ ಹೊಸನಗರದ ಬಿದನೂರಿನಲ್ಲಿಯೂ ತೀರ್ಥಹಳ್ಳಿಯ ಕವಲೇದುರ್ಗದಲ್ಲಿಯೂ ಕಲ್ಲಿಗೊಂದು ಕಥೆಯುಂಟು. ರಾಣಿ ಚೆನ್ನಮ್ಮಾಜಿಯು ಛತ್ರಪತಿ ರಾಜಾರಾಮನಿಗೆ ಆಶ್ರಯವಿತ್ತುದನ್ನು ಹೇಳುವಾಗ ಮಲೆನಾಡಿಗರ ಎದೆ ಉಬ್ಬುವುದು. ಅದೇ ಸಿಂಹಾಸನದ ಕಡೆಯ ರಾಣಿ ವೀರಮ್ಮಾಜಿಯ ಹೆಸರೆತ್ತಿದೊಡನೆ ದನಿ ತಗ್ಗುವುದು. ನಿಂಬಯ್ಯನೆಂಬವನ ಮೋಹಕ್ಕೆ ಬಿದ್ದು ಬಾಲಕ ಚೆನ್ನಬಸಪ್ಪ ನಾಯಕನನ್ನು ಕೊಲ್ಲಿಸಿದಳೆಂಬುದು ಅವಳ ಮೇಲಣ ಆರೋಪ. ಇದನ್ನು ಶಾಲೆಯ ಮಕ್ಕಳಿಗೂ ಹೇಳಿಕೊಡುವವರುಂಟು. ಆದರೆ ಇದಕ್ಕೆ ಆಧಾರವೇನು?

ಮೊದಲು ಕಥೆಯನ್ನೇ ಪರೀಕ್ಷಿಸಬೇಕು. ಅರಸುಮಗನು ಸ್ನಾನಗೃಹದಲ್ಲಿ ಜಟ್ಟಿಯ ಕೈಯಿಂದ ಸತ್ತನೆಂಬುದೊಂದು ಮಾತು. ಸಾಯದೆ ಪಾರಾಗಿ, ಚಿತ್ರದುರ್ಗದ ಪಾಳೆಯಗಾರನ ಮೂಲಕ ಹೈದರಾಲಿಯನ್ನು ಕಂಡು ರಾಜ್ಯವನ್ನು ಬೇಡಿದನೆಂಬುದು ಇನ್ನೊಂದು ಮಾತು. ಒಂದು ನಿಜವಾದರೆ ಇನ್ನೊಂದು ಸುಳ್ಳಾಗಬೇಕಷ್ಟೆ! ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ರಾಣಿಯನ್ನು ಹಳಿಯುವುದು ಯಾವ ನ್ಯಾಯ?

ಇನ್ನು ಆ ಕಥೆಯಿಂದ ಲಾಭ ಪಡೆದವರಾರು? 1763ರಲ್ಲಿ ಹೈದರಾಲಿಯು ನ್ಯಾಯವಾದ ಹಕ್ಕುದಾರನನ್ನು ಪಟ್ಟಕ್ಕೇರಿಸುವೆನೆಂದು ಬಿದನೂರಿನ ಮೇಲೆ ನಡೆದನು. ಕುಂಸಿಯಲ್ಲಿ ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣನು ಗುಪ್ತಮಾರ್ಗವನ್ನು ತೋರಿದನು. ರಾಣಿಯು ಲಕ್ಷಾಂತರ ವರಹಗಳನ್ನು ಒಪ್ಪಿಸುವೆನೆಂದರೂ ದಂಡು ನಿಲ್ಲಲಿಲ್ಲ. ಆಕೆ ಬಲ್ಲಾಳರಾಯನ ದುರ್ಗಕ್ಕೆ ಓಡಿ ಅಲ್ಲಿ ಸೆರೆಸಿಕ್ಕಿದಳು. ಆಮೇಲೆ ಆ ಹಕ್ಕುದಾರನಿಗೆ ಪಟ್ಟವಾಯಿತೆ? ಇಲ್ಲ. ಅವನನ್ನೂ ರಾಣಿಯೊಡನೆ ಮಧುಗಿರಿಯ ಸೆರೆಮನೆಗೇ ಕಳುಹಿಸಲಾಯಿತು. ಬಿದನೂರು ಹೈದರನಗರವಾಯಿತು. ರಾಜ್ಯವನ್ನು ಗೆಲ್ಲುವುದು ಆ ಕಾಲದ ಅರಸರೆಲ್ಲರ ನಡೆ. ಅದರಲ್ಲಿ ಹೈದರನೊಬ್ಬನನ್ನೇ ದೂರಬೇಕಾಗಿಲ್ಲ. ಆದರೆ ಗೆಲುವಿಗೆ ತೊಡಿಸಿದ ನ್ಯಾಯದ ಮುಸುಕನ್ನು ಇಂದಿಗೂ ಚರಿತ್ರೆಯೆಂದು ನಂಬುವುದು ಸಲ್ಲದು.

ಈ ವೃತ್ತಾಂತವನ್ನು ವಿಸ್ತಾರವಾಗಿ ಬರೆದವನು ಆಂಗ್ಲ ಅಧಿಕಾರಿ ವಿಲ್ಕ್ಸ್. ಅವನ ಗ್ರಂಥದ ಮೊದಲ ಸಂಪುಟವು ಅಚ್ಚಾದುದು 1810ರಲ್ಲಿ, ಬಿದನೂರು ಬಿದ್ದ ನಾಲ್ವತ್ತೇಳು ವರ್ಷಗಳ ಮೇಲೆ. ರಾಣಿಯ ಪಕ್ಷದಿಂದ ಉತ್ತರ ಹೇಳುವವರು ಆಗ ಯಾರಿದ್ದರು?

ಯೆಹೂದ್ಯರ ಎಸ್ತೇರಳ ಕಥೆಯನ್ನು ಇದರೊಡನೆ ಹೋಲಿಸಿ ನೋಡಬಹುದು. ಸೆರೆಯಾಗಿ ಬಂದ ಜನಾಂಗದ ಅನಾಥೆಯಾದ ಆಕೆ ಪಾರಸಿಕ ಅರಮನೆಯ ಒಳಸಂಚುಗಳ ನಡುವೆ ಸಿಲುಕಿದಳು. ಆಕೆಯ ಕಥೆಯನ್ನು ಕಾಪಾಡಿದವರು ಅವಳ ಜನರು; ಆದುದರಿಂದ ಆಕೆ ಪೂಜ್ಯಳು. ವೀರಮ್ಮಾಜಿಯ ಕಥೆ ಪರರ ಪಾಲಾಯಿತು. ಆದುದರಿಂದ ಆಕೆ ದೂಷಿತಳು. 1767ರಲ್ಲಿ ಮರಾಠರು ಮಧುಗಿರಿಯನ್ನು ಹಿಡಿದು ಬಿಡಿಸಿದರೂ, ಪುಣೆಯ ಹಾದಿಯಲ್ಲಿಯೇ ಆಕೆ ಕಣ್ಮುಚ್ಚಿದಳು. ತನ್ನ ಮಾತನ್ನು ಹೇಳಿಕೊಳ್ಳುವ ಅವಕಾಶವೂ ಆಕೆಗೆ ದೊರೆಯಲಿಲ್ಲ.

ವೀರಮ್ಮಾಜಿಯು ನಿರ್ದೋಷಿಯೆಂದು ಕಣ್ಣುಮುಚ್ಚಿ ಸಾರಬೇಕೆಂದಲ್ಲ. ದತ್ತುಪುತ್ರ ಸೋಮಶೇಖರನ ಹೆಸರಿನಲ್ಲಿ ಆಳಿದ ಆಕೆಯ ಆಳಿಕೆಯಲ್ಲಿ ಕುಂದುಗಳಿರಬಹುದು. ಲಿಂಗಣ್ಣನ ಸೆರೆಯೇ ಆಸ್ಥಾನದ ಒಡಕಿಗೆ ಸಾಕ್ಷಿ. ಆದರೆ ಒಡಕು ಬೇರೆ, ಕೊಲೆ ಬೇರೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಯೋಲೆಗಳೂ ಕಡತಗಳೂ ಇವೆ. ಮೂರು ತಾಲ್ಲೂಕುಗಳ ವಿದ್ಯಾವಂತರು ಅವನ್ನು ಓದಿ ತೀರ್ಪು ಹೇಳಲಿ. ಅಲ್ಲಿಯವರೆಗೆ, ವಿಚಾರಣೆಯಿಲ್ಲದೆ ಎರಡೂವರೆ ಶತಮಾನಗಳಿಂದ ಶಿಕ್ಷೆ ಅನುಭವಿಸುತ್ತಿರುವ ಹೆಂಗಸಿನ ಮೇಲೆ ಇನ್ನೊಂದು ಕಲ್ಲೆಸೆಯದಿರುವುದೇ ಮಲೆನಾಡಿನ ಮರ್ಯಾದೆ.